ಎರಡು ದೇಶಗಳ ನಡುವೆ ನನ್ನ ಮಾವ

ನನ್ನ ಸೋದರಮಾವನಿಗೆ ದೆವ್ವದ ಭಯವಿಲ್ಲ, ಪೊಲೀಸರ ಭಯವಿಲ್ಲ; ಕ್ಯಾಲೆಂಡರಿನ ಭಯ ಮಾತ್ರ ವಿಪರೀತ! ಊಟಕ್ಕೆ ಕೂತವನು ಗೋಡೆ ನೋಡಿ ಬೆಚ್ಚಿಬಿದ್ದು, ಸಾರನ್ನು ಅರ್ಧಕ್ಕೇ ಬಿಟ್ಟು ವಿಮಾನದ ಟಿಕೆಟ್ ಹುಡುಕುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಡೊಂಬಿವಲಿಯ ಮನೆಗೆ ಬನ್ನಿ.

ಈತ ಅರ್ಧ ಆಯುಷ್ಯವನ್ನು ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕಳೆದವನು. ಹೋಟೆಲ್ ಮುಚ್ಚಿದ ಮೇಲೆ ಲ್ಯಾಪ್‌ಟಾಪ್ ಕಲಿತು, ಪರದೇಶದ ಇಡ್ಲಿ-ದೋಸೆ ಅಂಗಡಿಗಳಿಗೆ ಮೆನು ಕಾರ್ಡ್ ಮಾಡಿಕೊಡತೊಡಗಿದ. ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು ಎಂದು ಯಾರೋ ಹೇಳಿದ್ದೇ ತಡ, ಮದುವೆಯಾಗದ ಮನುಷ್ಯ ಹೊರಟೇಬಿಟ್ಟ. ಥಾಯ್ಲೆಂಡ್, ವಿಯೆಟ್ನಾಂ, ಜಾರ್ಜಿಯಾ! ಇಂಥವರನ್ನು ಡಿಜಿಟಲ್ ಅಲೆಮಾರಿ ಅನ್ನುತ್ತಾರಂತೆ. ಮಂಡಿನೋವಿನ ಎಣ್ಣೆ ಬ್ಯಾಗಿನಲ್ಲಿ.

ಅವನ ತೆರಿಗೆ ಸಲಹೆಗಾರ ನಾನು. ಯಾಕೆಂದರೆ ನಾನು ಬಿ.ಕಾಂ. ನಮ್ಮ ಕುಟುಂಬದ ಮೊದಲ ಪದವೀಧರ. ಅಪ್ಪ ದೋಸೆ ಕಾವಲಿಯ ಮುಂದೆ ಬೆಂದು, ನಾನು ಹಗಲೆಲ್ಲ ತುರ್ಭೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಸಂಜೆ ಕಾಲೇಜಿನ ಬೆಂಚಿನಲ್ಲಿ ತೂಕಡಿಸಿ ಗಳಿಸಿದ ಪದವಿ. ಹೆಮ್ಮೆ ಇದೆ, ಮುಚ್ಚಿಡುವುದೇಕೆ? ಆದರೆ ಆ ಪುಸ್ತಕಗಳಲ್ಲಿ ಒಂದೇ ಒಂದು ದೇಶವಿತ್ತು ಸ್ವಾಮಿ! ಮಾವನಿಗಾಗಿ ಕಾನೂನು ಓದಲು ಕೂತೆ. ನಿಯಮಕ್ಕೊಂದು ವಿನಾಯಿತಿ, ವಿನಾಯಿತಿಗೊಂದು ಷರತ್ತು, ಷರತ್ತಿಗೆ ಮತ್ತೊಂದು ವಿವರಣೆ. ಓದಿದಷ್ಟೂ ನನ್ನ ಪದವಿ ಒಂದೊಂದೇ ಇಯತ್ತೆ ಕೆಳಗಿಳಿಯುತ್ತಿತ್ತು.

ಮಾವನಿಗೆ ಮಾತ್ರ ಎಲ್ಲ ಸ್ಪಷ್ಟ. "ಇಷ್ಟೇ ಮಾರಾಯ. ಗಿರಾಕಿ ಕೂತ ಟೇಬಲಿಗೆ ಬಿಲ್ ಬರ್ತದೆ. ಬಿಲ್ ಬರುವ ಮೊದ್ಲೇ ಟೇಬಲ್ ಬದಲಿಸಿದ್ರೆ?"

"ನಿಮ್ಮ ಹೋಟೆಲಲ್ಲಿ ಹಾಗೆ ಮಾಡಿದವರನ್ನು ಏನು ಮಾಡ್ತಿದ್ರಿ ಮಾವ?"

"ಕಾಲರ್ ಹಿಡೀತಿದ್ದೆ. ಆದ್ರೆ ದೇಶಕ್ಕೆ ಕೈ ಎಲ್ಲುಂಟು?"

ಯಾವ ದೇಶದಲ್ಲೂ ಅರ್ಧ ವರ್ಷ ತುಂಬಲು ಬಿಡಬಾರದು, ತುಂಬಿದರೆ ಅಲ್ಲಿಯ ನಿವಾಸಿಯಾಗಿ ಗಳಿಕೆಗೆಲ್ಲ ತೆರಿಗೆ ಎಂಬುದು ಅವನ ಲೆಕ್ಕ. ಅದಕ್ಕಾಗಿ ನನ್ನ ಮಗಳ ನಾಮಕರಣದ ಹಿಂದಿನ ದಿನವೇ ಓಡಿದ. ಮಾರನೇ ದಿನ ಮಗುವಿನ ಹೆಸರನ್ನು ನಡುದಾರಿಯ ವಿಮಾನ ನಿಲ್ದಾಣದಿಂದ ಫೋನಿನಲ್ಲಿ ಕೂಗಿದ. ತೊಟ್ಟಿಲ ಹಾಡಿಗಿಂತ ಬೋರ್ಡಿಂಗ್ ಘೋಷಣೆಯೇ ಜೋರಾಗಿ ಕೇಳಿಸಿತು!

ಕಳೆದ ಸಲ ಮಳೆಗಾಲದಲ್ಲಿ ಥಾಯ್ಲೆಂಡಿನಿಂದ ಬಂದ. ಬಂದ ಕೆಲವೇ ದಿನಕ್ಕೆ ಅಮ್ಮ, ಅಂದರೆ ಅವನನ್ನು ಸಾಕಿದ ಅಕ್ಕ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಕಲ್ಯಾಣದ ಆಸ್ಪತ್ರೆಯಲ್ಲಿ ಆಪರೇಷನ್. ಮಾವ ಹಾಸಿಗೆ ಬಿಟ್ಟು ಕದಲಲಿಲ್ಲ. ತಿಂಗಳುಗಳು ಉರುಳಿದವು.

"ಹೋಗು ಮಾರಾಯ, ನಿನ್ನ ದಿನ ಮುಗೀತಾ ಬಂತಲ್ಲ," ಅಂದಳು ಅಮ್ಮ.

"ನೀನು ಸುಮ್ನೆ ಗಂಜಿ ಕುಡಿ ಅಕ್ಕ."

ಟಿಕೆಟ್ ರದ್ದಾಯಿತು. ಅರ್ಧ ವರ್ಷ ದಾಟಿತು. ಅಮ್ಮ ವಾಕರ್ ಹಿಡಿದು ನಡೆಯುವ ಹೊತ್ತಿಗೆ ಮಾವ ಅಪ್ಪಟ ಭಾರತದ ನಿವಾಸಿ.

ನನ್ನ ಅಳಿದುಳಿದ ಧೈರ್ಯ ಕಟ್ಟಿಕೊಂಡು ಅವನನ್ನು ಠಾಣೆ ಪಟ್ಟಣದ ಲೆಕ್ಕಪರಿಶೋಧಕಿ, ಎಲ್ಲರೂ ಸಿ.ಎ. ಬಾಯಿ ಅನ್ನುವ ಹೆಂಗಸಿನ ಬಳಿ ಕರೆದೊಯ್ದೆ. ಅಲ್ಲಿ ಇನ್ನೊಂದು ಸಿಡಿಲು! ಗಲ್ಲಾದವನಿಗೆ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್. ಥಾಯ್ಲೆಂಡಿಗೂ ಹಾಗೇ ಲೆಕ್ಕ ಹಾಕಿದ್ದ. ಅಲ್ಲಿಯ ತೆರಿಗೆ ವರ್ಷವೋ, ಜನವರಿಯಿಂದ. ಆ ಲೆಕ್ಕದಲ್ಲಿ ಅಲ್ಲೂ ಅರ್ಧ ವರ್ಷ ಮೀರಿತ್ತು!

"ಕಾಕಾ, ದೋನ್ಹೀ ದೇಶ್ ಮ್ಹಣ್‌ತಾತ್, ಹಾ ಆಮ್ಚಾ," ಅಂದಳು ಬಾಯಿ. ಎರಡೂ ದೇಶಗಳು ಇವನು ನಮ್ಮವನು ಅನ್ನುತ್ತಿವೆ! ಹೆಣ್ಣು ಕೊಡಲು ಒಬ್ಬರೂ ಮುಂದೆ ಬರದಿದ್ದ ಮನುಷ್ಯನಿಗಾಗಿ ಎರಡು ಸರ್ಕಾರಗಳ ಜಗಳ. ನಗಬೇಕೋ ಅಳಬೇಕೋ ತಿಳಿಯದೆ ನಾನು ಫ್ಯಾನ್ ನೋಡಿದೆ.

ಇಂಥ ಜಗಳ ಬಿಡಿಸಲು ದೇಶಗಳ ನಡುವೆ ಒಪ್ಪಂದವಿದೆಯಂತೆ. ಅದರ ಮೊದಲ ಪ್ರಶ್ನೆ, ಖಾಯಂ ಮನೆ ಎಲ್ಲಿ? ಎರಡೂ ಕಡೆ ಇದ್ದರೆ, ಹತ್ತಿರದವರು ಎಲ್ಲಿದ್ದಾರೆ?

ಬಾಯಿ ಮರಾಠಿ ಬಿಟ್ಟು ಹಿಂದಿ ಭಾಷೆಗೆ ಹೊರಳಿದಳು. "ಥಾಯ್ಲೆಂಡಿನಲ್ಲಿ ವರ್ಷದ ಬಾಡಿಗೆಗೆ ಕೋಣೆ ಇದೆ. ಇಲ್ಲಿ ನಿಮ್ಮ ಹೆಸರಲ್ಲಿ ಏನೂ ಇಲ್ಲ. ಮೆಹ್‌ಮಾನ್ ಆಗಿದ್ರಿ, ಬಂದುಹೋಗುವ ನೆಂಟರ ಹಾಗೆ, ಅಲ್ವಾ? ಹಾಗಿದ್ದರೆ ಅಲ್ಲಿಯವರಾಗ್ತೀರಿ, ಇಲ್ಲಿಯ ತೆರಿಗೆ ತುಂಬ ಉಳೀತದೆ."

ನಾನು ಮೇಜಿನಡಿ ಅವನ ಕಾಲು ತುಳಿದೆ. ಹೂಂ ಅನ್ನು ಮಾವ, ಹೂಂ ಅನ್ನು!

"ಮೆಹ್‌ಮಾನಾ?" ಮಾವ ನನ್ನತ್ತ ತಿರುಗಿದ. "ಕಪಾಟಿನ ಕೆಳಗಿನ ಖಾನೆ ಯಾರದ್ದು? ನನ್ನ ಲುಂಗಿ ತೆಗೆದು ನಿನ್ನ ಅಂಗಿ ಇಡ್ಲಿಕ್ಕೆ ಅಕ್ಕ ಯಾವತ್ತಾದ್ರೂ ಬಿಟ್ಟಿದ್ದಾಳಾ?"

"ಇಲ್ಲ. ಆದ್ರೆ ಮಾವ, ಗಳಿಸಿದ್ದಕ್ಕೆಲ್ಲ ತೆರಿಗೆ ಬೀಳ್ತದೆ!"

"ಬೀಳ್ಲಿ." ಬಾಯಿಗೆ ಬರೆದುಕೊಳ್ಳಲು ಹೇಳಿದ: "ಲಿಖೋ. ಘರ್, ಡೊಂಬಿವಲಿ. ಹತ್ತಿರದವರು, ಅಕ್ಕ."

ಲೋಕಲ್ ರೈಲು ಹಿಡಿದು ಮನೆಗೆ ಬಂದೆವು. ಬಾಗಿಲು ತೆರೆದ ಅಮ್ಮ ಎಂದಿನಂತೆ ಕೇಳಿದಳು, "ಮತ್ತೆ ಹೊರಡುವುದು ಯಾವಾಗ?"

"ಹೋಗುವುದಿಲ್ಲ ಅಕ್ಕ. ಇಲ್ಲಿಂದಲೇ ಕೆಲಸ."

ಅಮ್ಮ ಮುಖ ಕಾಣದಂತೆ ವಾಕರ್ ತಿರುಗಿಸಿ, ಬಿದ್ದ ಮೇಲೆ ಮೊದಲ ಬಾರಿಗೆ ಯಾರನ್ನೂ ಕರೆಯದೆ ಅಡುಗೆಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಒಳಗಿಂದ, ನಾಳೆಯ ದೋಸೆಗೆ ಅಕ್ಕಿ ತೊಳೆಯುವ ಸದ್ದು ಕೇಳಿಸಿತು.