ಇಬ್ಬರು ಕಾವಲಿದ್ದ ಶುಕ್ರವಾರ

ಕತಾರಿನಲ್ಲಿ ಕೆಲಸ ಮಾಡುವವನಿಗೆ ವಾರಕ್ಕೆ ಎರಡು ದಿನ ರಜೆ ಎಂದು ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಶುಕ್ರವಾರ, ಶನಿವಾರ ಕಚೇರಿಗೆ ಬೀಗ ಇರುವುದು ನಿಜ. ಆದರೆ ಕಚೇರಿಗೆ ಬೀಗ ಹಾಕಿದ ಮಾತ್ರಕ್ಕೆ ಕೆಲಸಕ್ಕೆ ಬೀಗ ಬೀಳುವುದಿಲ್ಲ ಎಂಬುದು ಇಲ್ಲಿಗೆ ಬಂದ ಹೊಸತರಲ್ಲೇ ನನಗೆ ತಿಳಿಯಿತು. ನಮ್ಮದು ವೆಸ್ಟ್ ಬೇಯಲ್ಲಿರುವ ಸಣ್ಣ ಕಂಪನಿ. ಹಡಗಿನಲ್ಲಿ ಬಂದ ಸರಕನ್ನು ಬಿಡಿಸಿಕೊಂಡು ಗೋದಾಮಿಗೆ ಮುಟ್ಟಿಸುವ ಕೆಲಸ. ಸರಕು ಕಳಿಸುವ ಕಚೇರಿ ಮುಂಬಯಿಯಲ್ಲಿದೆ. ನಮಗೆ ರಜೆಯಾದ ಶುಕ್ರವಾರ ಅವರಿಗೆ ವಾರದ ಕಡೆಯ ದಿನ. ಅಂದರೆ, ಉಳಿದ ಕೆಲಸವನ್ನೆಲ್ಲ ಗುಡಿಸಿ ಯಾರದಾದರೂ ತಲೆಗೆ ಸುರಿದು ಮನೆಗೆ ಹೋಗುವ ದಿನ. ಆ ತಲೆ ನನ್ನದು.

ನಾನು ಎಲ್ಲವನ್ನೂ ಬರೆದಿಡುವ ಸ್ವಭಾವದವನು. ಕಾರಿಗೆ ಪೆಟ್ರೋಲ್ ಹಾಕಿಸಿದ ದಿನ, ಎಸಿಯ ಫಿಲ್ಟರ್ ತೊಳೆದ ದಿನ, ಹೆಂಡತಿ ಸವಿತಾಳೊಡನೆ ಜಗಳವಾದ ದಿನ ಮತ್ತು ಅದರಲ್ಲಿ ಗೆದ್ದವರು ಯಾರು, ಎಲ್ಲವೂ ಡೈರಿಯಲ್ಲಿ ಇವೆ. ಕೊನೆಯ ಕಾಲಂನಲ್ಲಿ ಒಂದೇ ಹೆಸರು ಬರುತ್ತಿದ್ದುದರಿಂದ ಅದನ್ನು ಈಗ ಬಿಟ್ಟಿದ್ದೇನೆ. ಜಗಳಕ್ಕೆ ಕಾರಣ ಮಾತ್ರ ಯಾವಾಗಲೂ ಶುಕ್ರವಾರವೇ. ಸವಿತಾ ಅಲ್ ಹಿಲಾಲ್ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಜನರಿಗೆ ಹಲ್ಲುನೋವು ಬರುವುದು ಹೆಚ್ಚಾಗಿ ಶನಿವಾರವಂತೆ. ಅವಳಿಗೆ ಅಂದು ರಜೆಯಿಲ್ಲ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಕೂತು ಉಣ್ಣಲು ಇರುವುದು ಶುಕ್ರವಾರ ಒಂದೇ ದಿನ. ಆ ದಿನ ನೀರುದೋಸೆ ಬಾಯಿಯ ಹತ್ತಿರ ಬರುವಾಗ ಮುಂಬಯಿಯ ದೇಶಪಾಂಡೆಯವರ ಫೋನ್ ಬರುತ್ತದೆ.

"ನಿಮ್ಗೆ ನಾನು ಎಂತಕ್ಕೆ ಮಾರಾಯ್ರೆ? ದೇಶಪಾಂಡೆಯವ್ರನ್ನೇ ಮದುವೆ ಆಗ್ಬಹುದಿತ್ತಲ್ಲ," ಎಂದಳು ಒಮ್ಮೆ. "ಇನ್ನೊಂದು ಶುಕ್ರವಾರ ಹೀಗೆ ಆದ್ರೆ ನಾನು ಶುಕ್ರವಾರವೂ ಡ್ಯೂಟಿ ಕೇಳ್ತೇನೆ. ಕ್ಲಿನಿಕ್ಕಿನಲ್ಲಿ ಬಾಯಿ ಬಿಟ್ಟುಕೊಂಡು ಕೂತವರಾದ್ರೂ ನನ್ನ ಮುಖ ನೋಡ್ತಾರೆ."

ಅವಳು ಹೇಳಿದ್ದನ್ನು ಮಾಡುವವಳು. ನನಗೆ ಹೆದರಿಕೆಯಾಯಿತು.

ಅದೇ ಹೊತ್ತಿಗೆ ನಮ್ಮ ಮ್ಯಾನೇಜರ್ ರೈಗಳು, ಪುತ್ತೂರಿನ ಕಡೆಯವರು, ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಚೇರಿಗೆ ಕರೆಸಿದರು. ಕೆಲಸದ ಒತ್ತಡದಿಂದ ಜನ ಒಳಗೊಳಗೇ ಬತ್ತಿಹೋಗುವುದಕ್ಕೆ ಬರ್ನೌಟ್ ಎನ್ನುತ್ತಾರೆ, ಅದಕ್ಕೆ ಈ ಡಾಕ್ಟರ್ ಮೇಡಂ ಮದ್ದು ಹೇಳುತ್ತಾರೆ ಎಂದು ಪರಿಚಯಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅಶ್ರಫಾಕ ಪಿಸುಗುಟ್ಟಿದರು: "ನಾನು ಇಪ್ಪತ್ತು ವರ್ಷದಿಂದ ಇಲ್ಲಿದ್ದೇನಲ್ಲ, ಬತ್ತುವುದಕ್ಕೆ ಇನ್ನೆಂತ ಉಂಟು ಪ್ರಶಾಂತ?" ಅಶ್ರಫಾಕ ಬಂಟ್ವಾಳದವರು, ನನಗಿಂತ ಹಿರಿಯರು, ಅದಕ್ಕೇ ಅಶ್ರಫ್ ಎಂಬ ಹೆಸರಿಗೆ ಅಣ್ಣ ಎನ್ನುವಂತೆ 'ಆಕ' ಸೇರಿಸಿ ಕರೆಯುವುದು, ಬಂದರಿನ ಕಾಗದಪತ್ರವೆಲ್ಲ ಅವರ ಬೆರಳ ತುದಿಯಲ್ಲಿ.

ಮೇಡಂ ಪ್ರಾಣಾಯಾಮ ಮಾಡಿಸಲಿಲ್ಲ, ಗೋಡೆಗೆ ನಗುಮುಖದ ಚಿತ್ರ ಅಂಟಿಸಲಿಲ್ಲ. "ನೀವು ದಣಿಯುವುದು ಯಾವಾಗ?" ಎಂದು ಕೇಳಿದರು. ನಾನು ಶುಕ್ರವಾರದ ಕತೆ ಹೇಳಿದೆ. "ಫೋನ್ ಬಾರದಿದ್ದರೂ, ಈಗ ಬಂದೀತು ಎಂದು ಕಾಯುವುದಿದೆಯಲ್ಲ, ಅದೂ ಕೆಲಸವೇ. ನಿಮಗೆ ಒಬ್ಬ ಜೊತೆಗಾರ ಬೇಕು. ಒಂದು ಶುಕ್ರವಾರ ನೀವು ನೋಡಿಕೊಳ್ಳಿ, ಇನ್ನೊಂದು ಅವರು. ಸರದಿಯಲ್ಲದವರು ಫೋನ್ ಮುಟ್ಟಬಾರದು," ಎಂದರು. ಜೊತೆಗಾರ ಅಶ್ರಫಾಕ ಎಂದು ತೀರ್ಮಾನವಾಯಿತು. ಮೊದಲ ಸರದಿ ಅವರದು.

ಇಷ್ಟು ಸರಳವಾದದ್ದನ್ನು ಕೆಡಿಸಲು ನಮ್ಮಂಥ ಕರಾವಳಿಯವರೇ ಬೇಕು. ಶುಕ್ರವಾರ ಬೆಳಿಗ್ಗೆ ನಾನು ಯೋಚಿಸಿದೆ: ಪಾಪ, ಅಶ್ರಫಾಕ ಜುಮಾ ನಮಾಜಿಗೆ ಹೋಗಬೇಕು. ಇಲ್ಲಿ ನಮಾಜಿನ ಹೊತ್ತೆಂದರೆ ಮುಂಬಯಿಯವರು ಊಟ ಮುಗಿಸಿ ಹೊಸ ಹುಮ್ಮಸ್ಸಿನಲ್ಲಿ ಕೂರುವ ಹೊತ್ತು. ಫೋನ್ ಮಾಡಿ, "ಅಶ್ರಫಾಕ, ಇವತ್ತು ನಾನೇ ನೋಡ್ತೇನೆ, ನೀವು ಆರಾಮಲ್ಲಿ ಹೋಗಿ ಬನ್ನಿ," ಎಂದೆ.

"ಎಂತ ಮಾತು ಮಾರಾಯ? ನಿನ್ನ ಹೆಂಡತಿಗೆ ಇರುವುದು ಅದೊಂದೇ ದಿನ. ನೀನು ಫೋನ್ ಮುಟ್ಟಿದರೆ ನೋಡು."

"ಇಲ್ಲ ಇಲ್ಲ, ನೀವು ಹಿರಿಯರು."

"ಹಿರಿಯ ನಾನು, ಹಾಗಾದರೆ ನಾನು ಹೇಳಿದ್ದು ಕೇಳು. ಖಲಾಸ್!"

ಆಯಿತು ಎಂದು ಫೋನಿಟ್ಟೆ. ಆದರೂ ಹಿರಿಯರ ಉಪಚಾರದ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದು ಮರ್ಯಾದೆಯಲ್ಲ ಎನಿಸಿತು. ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ಅತ್ತ ಅಶ್ರಫಾಕನೂ, ಈ ಹುಡುಗ ಕೇಳುವವನಲ್ಲ ಎಂದು ಮಸೀದಿಯಿಂದ ಹೊರಬಿದ್ದವರೇ ಚಪ್ಪಲಿ ಹಾಕಿಕೊಳ್ಳುವ ಮೊದಲು ದೇಶಪಾಂಡೆಗೆ ಫೋನ್ ಮಾಡಿದರು.

ಟೈಲ್ಸ್ ತುಂಬಿದ ಕಂಟೇನರನ್ನು ಗೋದಾಮಿಗೆ ಕಳಿಸಬೇಕೋ, ಬಂದರಿನಲ್ಲೇ ನಿಲ್ಲಿಸಬೇಕೋ ಎಂಬುದು ಅಂದಿನ ಪ್ರಶ್ನೆ. ನಮಾಜಿನ ಹೊತ್ತಿನಲ್ಲಿ ಕೇಳಿದ ದೇಶಪಾಂಡೆಯವರಿಗೆ ನಾನು, ಕಳಿಸಿ ಎಂದಿದ್ದೆ. ನಮಾಜು ಮುಗಿದ ಮೇಲೆ ಕೇಳಿದಾಗ ಅಶ್ರಫಾಕ, ನಿಲ್ಲಿಸಿ ಎಂದರು. ಅದು ತಿಳಿದು ನಾನು, ಹಿರಿಯರು ಹೇಳಿದಂತೆ ಆಗಲಿ, ನಿಲ್ಲಿಸಿ ಎನ್ನುವಷ್ಟರಲ್ಲಿ ಅಶ್ರಫಾಕ, ಹುಡುಗ ಹೇಳಿದ್ದಾನೆಂದರೆ ಸರಿಯಿರುತ್ತದೆ, ಕಳಿಸಿ ಎಂದಿದ್ದರು. ಲಾರಿ ಅರ್ಧ ದಾರಿಗೆ ಹೋಗಿ, ತಿರುಗಿ, ಮತ್ತೆ ತಿರುಗಿತು. ಕೊನೆಗೆ ಚಾಲಕನೇ ನನಗೆ ಫೋನ್ ಮಾಡಿ ಹಿಂದಿಯಲ್ಲಿ, "ಸಾಹೇಬರೇ, ನಾನೀಗ ಹೋಗುತ್ತಿದ್ದೇನೋ, ಬರುತ್ತಿದ್ದೇನೋ, ಅದನ್ನಾದರೂ ಹೇಳಿ," ಎಂದು ಬೇಡಿಕೊಂಡ. ನನ್ನ ದೋಸೆ ಅಷ್ಟರಲ್ಲಿ ತಟ್ಟೆಗೆ ಅಂಟಿತ್ತು. ಸವಿತಾ ಕ್ಲಿನಿಕ್ಕಿನ ಸಮವಸ್ತ್ರ ತೆಗೆದು ಇಸ್ತ್ರಿ ಮಾಡತೊಡಗಿದಳು.

ಭಾನುವಾರ ಇಬ್ಬರೂ ರೈಗಳ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತೆವು. ಮೇಡಂ ಎಲ್ಲವನ್ನೂ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ರೈಗಳ ಕಡೆ ತಿರುಗಿ, "ತಪ್ಪು ನನ್ನದೂ ಹೌದು. ಇವರಿಬ್ಬರ ಮೇಲೆ ಬಿಟ್ಟರೆ ಇವರು ವಿಶ್ರಾಂತಿಯನ್ನೂ ಒಬ್ಬರಿಗೊಬ್ಬರು ಬಡಿಸುತ್ತಾ ಕೂರುತ್ತಾರೆ, ಯಾರೂ ಉಣ್ಣುವುದಿಲ್ಲ. ಶುಕ್ರವಾರ ರಜೆ ಎಂದು ಮುಂಬಯಿಗೆ ಹೇಳಬೇಕಾದವರು ನೀವು," ಎಂದರು.

"ಹೇಳ್ಬಹುದಿತ್ತು. ಆದ್ರೆ ಇವ್ರು ಯಾರೂ ಕೇಳ್ಲಿಲ್ಲ ನೋಡಿ," ಎಂದರು ರೈಗಳು.

"ನೀವೇ ಕೇಳ್ತೀರಿ ಅಂತ ಇದ್ದೆವು," ಎಂದರು ಅಶ್ರಫಾಕ.

ರೈಗಳು ಅಲ್ಲೇ ಸ್ಪೀಕರ್ ಹಾಕಿ ದೇಶಪಾಂಡೆಗೆ ಫೋನ್ ಹಚ್ಚಿದರು. ಇನ್ನು ಮುಂದೆ ಶುಕ್ರವಾರ ತುರ್ತು ಕೆಲಸವಿದ್ದರೆ ಮಾತ್ರ, ಅದೂ ಸರದಿಯಲ್ಲಿರುವವನ ಕೈಗೆ ಕೊಡುವ ಒಂದು ಕಂಪನಿ ಫೋನಿಗೆ ಮಾತ್ರ. ನಮಾಜಿನ ಹೊತ್ತಿನಲ್ಲಿ ಅದೂ ಬಂದ್. ಆ ಕಡೆಯಿಂದ ದೇಶಪಾಂಡೆಯವರು ಆಶ್ಚರ್ಯದಿಂದ, "ಅರೆ, ನಿಮಗೆ ರಜೆಯೇ? ಪ್ರಶಾಂತ್ ಮೊದಲ ರಿಂಗಿಗೇ ಎತ್ತುತ್ತಿದ್ದರು. ಶುಕ್ರವಾರ ನಿಮ್ಮಲ್ಲಿ ಜೋರು ಕೆಲಸ ಎಂದುಕೊಂಡಿದ್ದೆ," ಎಂದರು. ಮೇಡಂ ನನ್ನತ್ತ ನೋಡಿದರು. ನಾನು ರೈಗಳ ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದೆ.

ಕೆಟ್ಟುಹೋದ ಸರದಿ ಲೆಕ್ಕಕ್ಕಿಲ್ಲ ಎಂದಾಗಿ, ಮುಂದಿನ ಶುಕ್ರವಾರ ಕಂಪನಿ ಫೋನು ಅಶ್ರಫಾಕನ ಕೈಯಲ್ಲಿತ್ತು. ನಾನು ಸವಿತಾಳೊಡನೆ ಸಮುದ್ರದ ಬದಿಗೆ ಹೋದೆ. ಡಬ್ಬಿ ತುಂಬ ದೋಸೆ, ಕೋಳಿ ಸಾರು, ಗಾಳಿ, ಎದುರಿಗೆ ನಗುವ ಹೆಂಡತಿ. ನನ್ನ ಮೊಬೈಲು ಸತ್ತಂತೆ ಬಿದ್ದಿತ್ತು. ಹತ್ತು ನಿಮಿಷ ಸುಖವಾಗಿತ್ತು. ಆಮೇಲೆ ಒಳಗೊಳಗೇ ಏನೋ ಕೊರೆಯತೊಡಗಿತು. ಯಾರೂ ಯಾಕೆ ಫೋನ್ ಮಾಡುತ್ತಿಲ್ಲ? ನಾನಿಲ್ಲದೆ ಎಲ್ಲವೂ ಸರಿಯಾಗಿ ನಡೆಯುತ್ತಿದೆಯೆ? ನಡೆದರೆ ನನ್ನ ಗತಿ? ಸವಿತಾ ಕೈ ತೊಳೆಯಲು ಎದ್ದುಹೋದದ್ದೇ ಕಂಪನಿ ಫೋನಿಗೆ ಕರೆ ಮಾಡಿದೆ.

"ಅಶ್ರಫಾಕ, ಫೋನ್ ಏನಾದ್ರೂ ಬಂತಾ?"

ಆ ಕಡೆ ಮಕ್ಕಳ ಗಲಾಟೆ, ತಟ್ಟೆ ಚಮಚದ ಸದ್ದು. ಬಾಯಲ್ಲಿದ್ದ ತುತ್ತನ್ನು ನುಂಗಿ ಅಶ್ರಫಾಕ ಹೇಳಿದರು:

"ಬಂತು ಮಾರಾಯ. ಒಂದೇ ಒಂದು. ಅದರಲ್ಲೇ ಈಗ ಮಾತಾಡ್ತಾ ಇದ್ದೇನೆ."