ಗಲ್ಲಾದಿಂದ ವಿಲಾಯಿತಿ ಗಿರಾಕಿಗೆ ಉತ್ತರ ಕೊಟ್ಟ ಬಗ್ಗೆ

ಇಂದ,
ಭುಜಂಗ ಶೆಟ್ಟಿ,
ಮಾಲೀಕರು, ಹೋಟೆಲ್ ನವಸೌಪರ್ಣಿಕಾ (ಶುದ್ಧ ಸಸ್ಯಾಹಾರಿ),
ವಾಕಡ, ಪುಣೆ.

ಗೆ,
ಶ್ರೀಮತಿ ಸುರಭಿ ಹಂಚಿನಮನಿಯವರು,
ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ,
(ಕಂಪನಿಯ ಹೆಸರು ಬರೆದಿಲ್ಲ, ಸೊಸೆಗೆ ಗೊತ್ತಾದರೆ ಕಷ್ಟ),
ಗಾಜಿನ ಕಟ್ಟಡ, ಹಿಂಜವಡಿ, ಪುಣೆ.

ವಿಷಯ: ತಮ್ಮಲ್ಲಿ ಕೆಲಸ ಮಾಡುವ ಶ್ರೀಮತಿ ಜ್ಯೋತ್ಸ್ನಾ ಶೆಟ್ಟಿಯ ಮೇಲೆ ಹೊರಿಸಿದ ತಪ್ಪನ್ನು ಅದರ ನಿಜವಾದ ವಾರಸುದಾರನ ಹೆಸರಿಗೆ ವರ್ಗಾಯಿಸುವ ಕುರಿತು.

ಉಲ್ಲೇಖ: 1. ಸದರಿ ಜ್ಯೋತ್ಸ್ನಾಗೆ ಕಂಪನಿ ಕೊಟ್ಟ ‘ಕೆಲಸ ಸುಧಾರಿಸಿಕೊಳ್ಳಿ, ಇಲ್ಲವೇ ಹೊರಡಿ’ ಎಂಬ ಅರ್ಥದ ನೋಟಿಸು.
2. ಕಳೆದ ಶನಿವಾರ ನಮ್ಮ ಹೋಟೆಲಿನಲ್ಲಿ ತಾವು ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಾ ಆಡಿದ ಮಾತು: “ಶೆಟ್ಟಿ ಕಾಕಾ, ಚಟ್ನಿ ಭಾಳ ಛಲೋ ಆಗೇದ್ರಿ. ನಿಮಗ ಏನರ ತ್ರಾಸಿದ್ರ ನನಗ ಹೇಳ್ರಿ.”

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಅದರಲ್ಲೂ ಎರಡನೇ ಉಲ್ಲೇಖವನ್ನು ಗಟ್ಟಿಯಾಗಿ ಹಿಡಿದುಕೊಂಡು, ಅರ್ಜಿದಾರನು ನಿವೇದಿಸಿಕೊಳ್ಳುವುದೇನೆಂದರೆ, ಅವನಿಗೆ ತ್ರಾಸಿದೆ. ಕನ್ನಡ ಸಂಘದ ಕಾರ್ಯದರ್ಶಿಯಾಗಿ ಸಭಾಂಗಣ, ಕುರ್ಚಿ, ಧ್ವನಿವರ್ಧಕಗಳಿಗಾಗಿ ಅರ್ಜಿ ಬರೆದು ಅವನ ಕೈ ಪಳಗಿದೆ. ಆದರೆ ಸೊಸೆಗಾಗಿ ಬರೆಯುತ್ತಿರುವುದು ಇದೇ ಮೊದಲಾದ ಕಾರಣ ತಪ್ಪಿದ್ದರೆ ಮನ್ನಿಸಬೇಕು.

1. ಅರ್ಜಿದಾರನು ಬೈಂದೂರು ಕಡೆಯವನು. ಪುಣೆಗೆ ಬಂದು ತಟ್ಟೆ ತೊಳೆದು, ಸಪ್ಲೈ ಮಾಡಿ, ದೋಸೆ ಕಾವಲಿಯ ಮುಂದೆ ಬೆವರಿ, ಕೊನೆಗೆ ಗಲ್ಲಾದ ಕುರ್ಚಿಗೆ ಬಂದವನು. ಹೋಟೆಲ್ ಕಸುಬಿನಲ್ಲಿ ಬಡ್ತಿ ಎಂದರೆ ಇಷ್ಟೇ, ನಿಂತವನು ಒಂದು ದಿನ ಕೂರುತ್ತಾನೆ. ತಮ್ಮ ಕಸುಬಿನಲ್ಲಿ ಎಲ್ಲರೂ ಮೊದಲ ದಿನದಿಂದಲೇ ಕೂತಿರುವುದರಿಂದ ಯಾರು ಮೇಲೆ, ಯಾರು ಕೆಳಗೆ ಎಂಬುದು ಅವನಿಗೆ ಬಹುಕಾಲ ತಿಳಿದಿರಲಿಲ್ಲ. ಗಲ್ಲಾದಲ್ಲಿ ಕೂತವನಿಗೆ ಒಂದೇ ನಿಯಮ: ಗಿರಾಕಿ ಕೇಳಿದರೆ ಉತ್ತರ ಕೊಡಬೇಕು. ಇಡ್ಲಿ ಮುಗಿದಿದ್ದರೆ ವಡೆ ಬಿಸಿ ಇದೆ ಎನ್ನಬೇಕು. ಬಾಯಿ ಮುಚ್ಚಿಕೊಂಡು ಫ್ಯಾನು ನೋಡುತ್ತಾ ಕೂತರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ.

2. ಸದರಿ ಜ್ಯೋತ್ಸ್ನಾ ಅರ್ಜಿದಾರನ ಮಗ ರಿತೇಶನ ಹೆಂಡತಿ, ಉಡುಪಿಯವಳು. ಹೆಣ್ಣು ನೋಡಲು ಹೋದ ದಿನ ಚಹಾದ ಟ್ರೇ ಇಳಿಸುವ ಮೊದಲೇ ಅವಳು, “ನಾನು ಹೋಟೆಲಿನಲ್ಲಿ ಕೂರುವುದಿಲ್ಲ. ನನಗೆ ನನ್ನದೇ ಕೆಲಸ ಉಂಟು,” ಎಂದಿದ್ದಳು. ಅರ್ಜಿದಾರನು ಮೇಲಿಂದ ಹೂಂಗುಟ್ಟಿದನಾದರೂ ಒಳಗೊಳಗೆ, ಎರಡು ವರ್ಷ ಹೋಗಲಿ, ತಾನಾಗಿಯೇ ಗಲ್ಲಾಕ್ಕೆ ಬರುತ್ತಾಳೆ ಎಂದು ಎಣಿಸಿದ್ದು ನಿಜ. ಏಕೆಂದರೆ ರಿತೇಶನನ್ನು ಅಲ್ಲಿ ಕೂರಿಸಿದರೆ ಅವನು ಮೊಬೈಲಿನೊಳಗೆ ಮುಳುಗುತ್ತಾನೆ. ಗಿರಾಕಿಯೇ ಕೈ ಚಾಚಿ ಚಿಲ್ಲರೆ ತೆಗೆದುಕೊಳ್ಳಬೇಕಾಗುತ್ತದೆ.

ಆದರೆ ಹುಡುಗಿ ಬರಲಿಲ್ಲ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸದಿಂದ ಶುರುಮಾಡಿದಳು. ನಾನೇ ಬರೆಯುತ್ತೇನೆ ಎಂದಳು. ಬಸುರಿಯಾಗಿದ್ದಾಗ ಹೊಸ ಪಾಠ ಕಲಿತಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಪರೀಕ್ಷೆ ಕಟ್ಟಿ ಪಾಸಾದಳು. ಈ ವರ್ಷ ಅವಳನ್ನು ತಂಡದ ಮುಖ್ಯಸ್ಥೆ ಮಾಡುವುದೆಂದು ತಮ್ಮ ಕಂಪನಿಯಲ್ಲೇ ಮಾತಾಗಿತ್ತು. ಅರ್ಜಿದಾರನು ಈ ಸುದ್ದಿಯನ್ನು ಬಿಲ್ ಕೊಡಲು ಬಂದ ಪ್ರತಿಯೊಬ್ಬರಿಗೂ ಕೇಳದಿದ್ದರೂ ಹೇಳಿದ್ದಾನೆ. ಗಲ್ಲಾದ ಆಸೆ ಯಾವಾಗ ಹೋಗಿ ಹೆಮ್ಮೆ ಯಾವಾಗ ಹತ್ತಿತೆಂಬುದು ಅವನಿಗೇ ಗೊತ್ತಾಗಲಿಲ್ಲ.

3. ನಮ್ಮ ಓಣಿಯಲ್ಲಿ ಗುರುವಾರ ಕರೆಂಟ್ ಹೋಗುವುದು ತಮಗೂ ತಿಳಿದ ಸಂಗತಿ. ಹೋಟೆಲಿಗೆ ಜನರೇಟರ್ ಇದೆ, ಮೇಲಿನ ಮನೆಗೆ ಇಲ್ಲ. ಆದಕಾರಣ ಗುರುವಾರ ಮನೆಯಿಂದ ಕೆಲಸವೆಂದರೆ ಹೋಟೆಲಿನಿಂದ ಕೆಲಸ. ಆ ಗುರುವಾರ ಜ್ಯೋತ್ಸ್ನಾ ಗಲ್ಲಾದ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿಗೆ ಕೂತವಳು ಊಟದ ಗಿರಾಕಿಗಳೆಲ್ಲ ಬಂದು ಹೋದರೂ ಏಳಲಿಲ್ಲ. ಹೋಟೆಲಿನಲ್ಲಿ ಯಾರೂ ಹಸಿದುಕೊಂಡು ಕೆಲಸ ಮಾಡಬಾರದು ಎಂಬುದು ಅರ್ಜಿದಾರನ ಪದ್ಧತಿ. ಆದ್ದರಿಂದ ಅವನು ಹೇಳಿದನು:

“ಉಂಡ್ಕಂಡ್ ಬಾ ಮಗಾ. ನಾ ಇಲ್ಲೇ ಕೂಕಂತೆ.”

ಅವಳು ಕಿವಿಯ ತಂತಿ ಕಿತ್ತು ಧ್ವನಿ ಹೊರಗೆ ಬಿಟ್ಟು, “ನನ್ನ ಹೆಸರು ಹೇಳಿದರೆ ಕೂಗಿ ಮಾವ. ಎಂತದೂ ಮುಟ್ಟಬೇಡಿ,” ಎಂದು ಒಳಗೆ ಹೋದಳು. ಪರದೆಯ ಮೇಲೆ ಅವಳ ಮುಖವೂ ಇರಲಿಲ್ಲ, ಅರ್ಜಿದಾರನದೂ ಇರಲಿಲ್ಲ. ಬರೀ ಹೆಸರಿತ್ತು.

4. ಮೀಟಿಂಗಿನಲ್ಲಿದ್ದ ತಮ್ಮ ಕಂಪನಿಯ ಗಿರಾಕಿ ವಿಲಾಯಿತಿಯ ಔಷಧ ಅಂಗಡಿಗಳವನು. ಅವನ ಅಂಗಡಿಗಳಲ್ಲಿ ಒಂದೇ ಔಷಧಕ್ಕೆ ಎರಡು ಸಲ ಬಿಲ್ ಬೀಳುತ್ತಿತ್ತಂತೆ. ವಾಕಡದಲ್ಲಿ ಹಾಗಾದರೆ ಕಪಾಳಕ್ಕೆ ಬೀಳುತ್ತದೆ. ಇದು ಯಾವಾಗ ಸರಿಹೋಗುತ್ತದೆ ಎಂದು ಅವನು ಕೇಳಿದನು. ತಮ್ಮ ಮ್ಯಾನೇಜರ್ ಕೇದಾರ ಅವರು ಬಹಳ ಗಂಭೀರವಾದ ದನಿಯಲ್ಲಿ, ತೊಡಕಿನ ಕೆಲಸ, ಮೂರು ತಿಂಗಳು ಬೇಕು ಎಂದರು. ಗಿರಾಕಿ ನಿಟ್ಟುಸಿರು ಬಿಟ್ಟು, “ಜ್ಯೋತ್ಸ್ನಾ, ನೀನೇ ಅಲ್ಲವೇ ಇದನ್ನು ಮಾಡುತ್ತಿರುವುದು? ಹೌದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದನು.

ಅರ್ಜಿದಾರನು ಒಳಗೆ ಕೂಗಿದನು. ಚಟ್ನಿಯ ಮಿಕ್ಸರ್ ಹಾಕಿದ್ದರಿಂದ ಅವಳಿಗೆ ಕೇಳಿಸಲಿಲ್ಲ. ಗಿರಾಕಿ ಮತ್ತೊಮ್ಮೆ ಕೇಳಿದನು. ಪರದೆಯ ಮೇಲಿನ ಮುಖಗಳೆಲ್ಲ ಫ್ಯಾನು ನೋಡತೊಡಗಿದವು. ಅರ್ಜಿದಾರನು ಬೇರೆ ಏನು ಬೇಕಾದರೂ ಸಹಿಸಿಯಾನು, ಗಿರಾಕಿಯನ್ನು ಹೀಗೆ ಕಾಯಿಸುವುದನ್ನು ಸಹಿಸಲಾರ. ಅಡ್ಡಗೀಟು ಹಾಕಿದ ಮೈಕಿನ ಚಿತ್ರವನ್ನು ಒತ್ತಿದನು.

“ರೆಡಿ, ಸರ್. ಫುಲ್ ರೆಡಿ. ಯೆಸ್ಟರ್‌ಡೇ ಓನ್ಲಿ ರೆಡಿ.”

ಗಿರಾಕಿ ಯಾರು ಮಾತಾಡುತ್ತಿರುವುದೆಂದು ಕೇಳಿದನು.

“ಶೆಟ್ಟಿ, ಸರ್. ಸೀನಿಯರ್. ವೇರ್ ಟು ಸೆಂಡ್, ಸರ್?”

ಅಷ್ಟರಲ್ಲಿ ಜ್ಯೋತ್ಸ್ನಾ ಮೊಸರನ್ನದ ಕೈಯಲ್ಲೇ ಓಡಿ ಬಂದಳು. “ಮಾವಾ,” ಎಂದಳು. ಎಡಗೈಯಿಂದಲೇ ಮೈಕಿಗೆ ಮತ್ತೆ ಅಡ್ಡಗೀಟು ಬೀಳಿಸಿದಳು.

5. ಅರ್ಜಿದಾರನು ಸುಳ್ಳು ಹೇಳಿಲ್ಲ. ಹಿಂದಿನ ದಿನ ಊಟಕ್ಕೆ ಕೂತಾಗ ಅವಳೇ ರಿತೇಶನ ಹತ್ತಿರ, “ಬಿಲ್ಲಿನ ಕೆಲಸ ಮುಗಿಯಿತು. ಆದರೆ ಹೇಳಬಾರದಂತೆ. ಇಷ್ಟು ಬೇಗ ಕೊಟ್ಟರೆ ಇಷ್ಟೊಂದು ಜನರಿಗೆ ದುಡ್ಡು ಯಾಕೆ ಅಂತ ವಿಲಾಯಿತಿಯವರು ಕೇಳುತ್ತಾರಂತೆ,” ಎಂದದ್ದನ್ನು ಅವನು ಸಾರು ಕಲಸಿಕೊಳ್ಳುತ್ತಾ ಕೇಳಿಸಿಕೊಂಡಿದ್ದನು. ಇಡ್ಲಿ ಬೆಂದು ಇಳಿಸಿದ ಮೇಲೂ ಒಲೆ ಹೊತ್ತಿಲ್ಲ ಎನ್ನುವ ಪದ್ಧತಿ ಹೋಟೆಲಿನಲ್ಲಿ ಇಲ್ಲ. ತಮ್ಮಲ್ಲಿ ಅದೇ ಪದ್ಧತಿಯಿದ್ದು, ಅದಕ್ಕೊಂದು ಇಂಗ್ಲಿಷ್ ಹೆಸರೂ ಇದ್ದು, ಅದನ್ನು ಮಾಡಲು ಸಂಬಳದ ಮ್ಯಾನೇಜರೂ ಇದ್ದಾರೆಂಬುದು ಅರ್ಜಿದಾರನಿಗೆ ಗೊತ್ತಿರಲಿಲ್ಲವಾದ ಕಾರಣ ಈ ಪ್ರಮಾದ ಜರುಗಿದೆ.

6. ಆಮೇಲೆ ನಡೆದದ್ದು ತಮ್ಮ ಕಡತದಲ್ಲಿದೆ. ವಿಲಾಯಿತಿಯವನಿಗೆ ಕೆಲಸ ಕೈಸೇರಿತು, ಬಿಲ್ ಒಂದೇ ಸಲ ಬೀಳತೊಡಗಿತು. ಅವನು ಖುಷಿಯಾಗಿ ‘ಮಿಸ್ಟರ್ ಶೆಟ್ಟಿ ಮತ್ತು ತಂಡ’ಕ್ಕೆ ಧನ್ಯವಾದ ಕಳಿಸಿದನಂತೆ. ಪ್ರತಿ ಮೀಟಿಂಗಿನಲ್ಲೂ ಮಿಸ್ಟರ್ ಶೆಟ್ಟಿ ಎಲ್ಲಿ ಎಂದು ಕೇಳುತ್ತಾನಂತೆ. ಕೇದಾರ ಅವರು, ಶೆಟ್ಟಿ ರಜೆಯಲ್ಲಿದ್ದಾರೆ ಎನ್ನುತ್ತಾರಂತೆ. ಸದರಿ ಶೆಟ್ಟಿಯು ಕಸುಬಿಗೆ ಬಂದಲ್ಲಿಂದ ಸರಿಯಾಗಿ ರಜೆ ಹಾಕಿದವನೇ ಅಲ್ಲವೆಂಬುದನ್ನು ಈ ಮೂಲಕ ದಾಖಲಿಸಲಾಗಿದೆ.

ಇತ್ತ ಜ್ಯೋತ್ಸ್ನಾಗೆ ನೋಟಿಸು ಬಂತು. ಹೊರಗಿನವರನ್ನು ಮೀಟಿಂಗಿಗೆ ಬಿಟ್ಟಳು, ಒಳಗಿನ ಮಾತು ಹೊರಗೆ ಬಿಟ್ಟಳು, ತಂಡಕ್ಕೆ ಹೊಂದಿಕೊಳ್ಳುವವಳಲ್ಲ ಎಂದು. ಮುಖ್ಯಸ್ಥೆಯ ಹುದ್ದೆ ಹೋಯಿತು. ಇರುವ ಕೆಲಸವೂ ಹೋಗುವ ಹಾದಿಯಲ್ಲಿದೆ. ಅವಳು ಕಂಪನಿಗೆ ಅರ್ಜಿದಾರನ ಹೆಸರನ್ನು ಇದುವರೆಗೂ ಹೇಳಿಲ್ಲ. ಹೋಟೆಲಿಗೆ ಬಂದ ಯಾರೋ ಶೆಟ್ಟಿ ಎಂಬ ಗಿರಾಕಿ ಒತ್ತಿರಬೇಕು ಎಂದು ಬರೆದುಕೊಟ್ಟಿದ್ದಾಳೆ. ಮನೆಯಲ್ಲಿ ಒಂದು ಏರುದನಿಯ ಮಾತೂ ಆಡಲಿಲ್ಲ. ಬೈದಿದ್ದರೆ ಅರ್ಜಿದಾರನಿಗೆ ನಿದ್ದೆಯಾದರೂ ಬರುತ್ತಿತ್ತು.

7. ನೋಟಿಸು ಬಂದ ಮರುದಿನ ಬೆಳಿಗ್ಗೆ ಅರ್ಜಿದಾರನು ಮಾರ್ಕೆಟ್ ಯಾರ್ಡಿನಿಂದ ತಂದ ತೆಂಗಿನಕಾಯಿಯ ಗೋಣಿ ಇಳಿಸಿ ಒಳಗೆ ಬಂದರೆ ಗಲ್ಲಾದಲ್ಲಿ ಸೊಸೆ ಕೂತಿದ್ದಾಳೆ. ಯಾರೂ ಹೇಳಿರಲಿಲ್ಲ. ಕೂದಲು ಕಟ್ಟಿ, ಚಿಲ್ಲರೆಯನ್ನು ಬಟ್ಟಲುಗಳಲ್ಲಿ ಬೇರೆ ಬೇರೆ ಮಾಡಿಟ್ಟು, ಪಾರ್ಸೆಲ್ಲಿನವನಿಗೆ ಬಿಲ್ ಹರಿದುಕೊಡುತ್ತಿದ್ದಳು.

“ಇನ್ನು ಇಲ್ಲೇ ಅಲ್ಲವಾ ಮಾವ. ಈಗಿನಿಂದಲೇ ಅಭ್ಯಾಸ ಆಗಲಿ,” ಎಂದು ನಕ್ಕಳು ಕೂಡ.

ಅವಳು ಚೆನ್ನಾಗಿಯೇ ಕೂತಿದ್ದಳು, ರಿತೇಶನಿಗಿಂತ ಎಷ್ಟೋ ಪಾಲು ವಾಸಿ. ಒಂದು ಕಾಲದಲ್ಲಿ ಅರ್ಜಿದಾರನು ಬೇಡಿಕೊಂಡದ್ದು ಇದನ್ನೇ. ಆದರೆ ಆ ನಗುವನ್ನು ಅವನಿಗೆ ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಸಾಂಬಾರು ಕಲಕುತ್ತಾ ನಿಂತನು. ಅಲ್ಲಿಗೆ ಬಂದ ಹೆಂಡತಿ ಪಂಕಜಾಕ್ಷಿ ಅವನ ಮುಖ ನೋಡದೆಯೇ ಹೇಳಿದಳು:

“ನಿಮ್ಗೆ ಬೇಕಾದ್ದ್ ಆಯ್ತಲೆ. ಬೇಕಂತ್ಲೇ ಮಾಡ್ದ್ರಿ, ಅಲ್ದಾ?”

“ಹುಚ್ಚಾ ನಿಂಗೆ? ಗಿರಾಕಿ ಕೇಂಡ, ನಾ ಹೇಳ್ದೆ.”

“ಅವ್ಳೂ ಬೇಕಂತ್ಲೇ ಮಾಡ್ದ್ರಿ ಅಂದ್ಕಂಡಿದ್ಲ್ ಕಾಣಿ,” ಎಂದು ಅವಳು ಹೊರಟುಹೋದಳು.

ಮಾನ್ಯರೇ, ಅರ್ಜಿದಾರನು ಬೇಕಂತಲೇ ಮಾಡಲಿಲ್ಲ. ಕುಲದೇವರ ಮೇಲೆ ಆಣೆ ಇಟ್ಟು ಹೇಳುತ್ತಾನೆ. ಆದರೆ ಅವಳು ಆ ಕುರ್ಚಿಯಲ್ಲಿ ಕೂತಿರುವಷ್ಟು ದಿನ ಇದನ್ನು ನಂಬುವವರು ಯಾರು? ಅವನ ಹೆಂಡತಿಯೇ ನಂಬುವುದಿಲ್ಲ. ಸೊಸೆ ನಂಬಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗಿಲ್ಲ.

8. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮತ್ತು ಹೇಳಲು ನಾಚಿಕೆಯಾದ ಇನ್ನೂ ಕೆಲವು ಕಾರಣಗಳಿಂದ, ಅರ್ಜಿದಾರನ ಪ್ರಾರ್ಥನೆಗಳು:

(ಅ) ಜ್ಯೋತ್ಸ್ನಾಳ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಬೇಕು. ಅವಳು ಮಾಡಿದ ಒಂದೇ ತಪ್ಪೆಂದರೆ ಮಾವ ಹೇಳಿದನೆಂದು ಊಟಕ್ಕೆ ಎದ್ದದ್ದು.

(ಆ) ಇಂಥ ಪ್ರಕರಣದಲ್ಲಿ ಯಾರನ್ನಾದರೂ ತೆಗೆಯಲೇಬೇಕೆಂದು ತಮ್ಮ ನಿಯಮವಿದ್ದರೆ ಅರ್ಜಿದಾರನನ್ನು ತೆಗೆಯಬೇಕು. ಅವನು ತಮ್ಮ ನೌಕರನಲ್ಲವಾದ್ದರಿಂದ ಇದರಲ್ಲಿ ತಾಂತ್ರಿಕ ತೊಡಕಿದೆ. ಆದಕಾರಣ ಅವನನ್ನು ಸದರಿ ಗುರುವಾರದಿಂದ ಅನ್ವಯವಾಗುವಂತೆ ಯಾವುದಾದರೊಂದು ಹುದ್ದೆಗೆ ನೇಮಿಸಿಕೊಂಡು, ಆ ಕೂಡಲೇ ದುರ್ವರ್ತನೆಯ ಮೇಲೆ ವಜಾ ಮಾಡಬೇಕು. ವಿಲಾಯಿತಿಯವನಿಗೂ, ಮಿಸ್ಟರ್ ಶೆಟ್ಟಿಯನ್ನು ಕಳಿಸಿಬಿಟ್ಟೆವು ಎಂದು ಒಮ್ಮೆಯಾದರೂ ನಿಜ ಹೇಳಿದಂತಾಗುತ್ತದೆ.

(ಇ) ನೇಮಕ ಹಾಗೂ ವಜಾ ಎರಡೂ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಮುಗಿದರೆ ಉಪಕಾರ. ಆಮೇಲೆ ಚಹಾದ ಗಿರಾಕಿ ಶುರುವಾಗುತ್ತದೆ.

ಇಂತು, ನೌಕರನಾಗುವ ಮೊದಲೇ ತಲೆ ತಗ್ಗಿಸಿ ನಿಂತಿರುವ,
ತಮ್ಮ ವಿಶ್ವಾಸಿ,
(ಸಹಿ) ಭುಜಂಗ ಶೆಟ್ಟಿ

ಲಗತ್ತುಗಳು:
1. ಅರ್ಜಿದಾರನ ಭಾವಚಿತ್ರ. ಹೋಟೆಲ್ ಉದ್ಘಾಟನೆಯದು, ಪಕ್ಕದಲ್ಲಿದ್ದ ಗಣ್ಯರನ್ನು ಕತ್ತರಿಸಲಾಗಿದೆ.
2. ತಪ್ಪೊಪ್ಪಿಗೆ, ಇಂಗ್ಲಿಷಿನಲ್ಲಿ. ರಿತೇಶನಿಂದ ಬರೆಸಿದ್ದು. ಅವನು ಮೊಬೈಲನ್ನು ಒಳ್ಳೆಯದಕ್ಕೆ ಬಳಸಿದ ಮೊದಲ ಉದಾಹರಣೆ.
3. ಚಟ್ನಿಪುಡಿ, ಒಂದು ಡಬ್ಬಿ. ಇದು ಲಂಚವಲ್ಲ. ಅರ್ಜಿ ತಿರಸ್ಕೃತವಾದರೂ ಡಬ್ಬಿ ಹಿಂದಿರುಗಿಸಬೇಕಾಗಿಲ್ಲ.

ವಿಶೇಷ ಸೂಚನೆ: ಕೆಲಸ ಹೋದರೆ ಸದರಿ ಜ್ಯೋತ್ಸ್ನಾಗೆ ಹೋಟೆಲಿನ ಗಲ್ಲಾ ಇದ್ದೇ ಇದೆಯಲ್ಲ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಸಮಾಧಾನ ಪಟ್ಟುಕೊಳ್ಳುವ ಸಂಭವವಿದೆ. ಅರ್ಜಿದಾರನು ಇಂದು ಬೆಳಿಗ್ಗೆ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿ, ಇಲ್ಲಿ ಜಾಗ ಖಾಲಿ ಇಲ್ಲ ಎಂದು ಎಲ್ಲರೆದುರು ಹೇಳಿ, ತಾನೇ ಕೂತಿದ್ದಾನೆ.