ಮೀಸೆ ಕಾಣುವಷ್ಟು ಹೊಳಪು

ಹೊಳೆಯುವ ವಸ್ತು ಕಂಡರೆ ನನಗೆ ಸ್ವಲ್ಪ ಹೆಚ್ಚೇ ವ್ಯಾಮೋಹ. ಕೊಟ್ಟೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಲೇತ್ ನಡೆಸುತ್ತಿದ್ದೇನೆ. ಕಬ್ಬಿಣವನ್ನು ತಿರುಗಿಸಿ, ಕೊರೆದು, ಕೊನೆಗೆ ಎಮರಿ ಕಾಗದದಿಂದ ಉಜ್ಜಿದ ಮೇಲೆ ಗಿರಾಕಿ ಅದರಲ್ಲಿ ಇಣುಕಿ ಮೀಸೆ ತೀಡಿಕೊಳ್ಳಬೇಕು. ತೀಡದಿದ್ದರೆ ಅವತ್ತು ನನಗೆ ಊಟ ರುಚಿಸುವುದಿಲ್ಲ.

ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಹೆಂಡತಿ ಗಿರಿಜಳ ಹಿಟ್ಟಿನ ಗಿರಣಿ. ಅದರ ಕಲ್ಲು ತಿರುಗಿಸುವ ಕಬ್ಬಿಣದ ದಂಡ, ಅಂದರೆ ಶಾಫ್ಟ್, ಸವೆದಾಗ ಹೊಸದು ಮಾಡಿಕೊಟ್ಟೆ. ಎಂಥ ಹೊಳಪು ಅಂತೀರಿ! ಜೋಳ ಬೀಸಿಸಲು ಬಂದವರೆಲ್ಲ ಹೊಗಳಿದರು. ವಾರ ಕಳೆಯಿತು, ಟಣ್ಣೆಂದು ಮುರಿಯಿತು. ಡಬ್ಬಿಗಳು ಸಾಲುಗಟ್ಟಿ ನಿಂತಿದ್ದವು. ಖಾಯಂ ಗಿರಾಕಿ ನೀಲಮ್ಮ ತನ್ನ ಡಬ್ಬಿ ಎತ್ತಿಕೊಂಡು ಎದುರು ಬೀದಿಯ ಗಿರಣಿಗೆ ನಡೆದೇಬಿಟ್ಟಳು. ಹಿಂದೆಯೇ ಇನ್ನಿಬ್ಬರು. ಗಿರಿಜಳ ಮುಖ ನೋಡಲಾಗಲಿಲ್ಲ.

"ಈಗಿನ ಕಬ್ಬಿಣನ ಸರಿ ಇಲ್ಲ" ಎಂದೆ.

ಅವಳು ಮುರಿದ ಜಾಗದ ಮೇಲೆ ಬೆರಳಾಡಿಸಿದಳು. "ಕಬ್ಬಿಣಕ್ಕ ಯಾಕ ಬೈತೀರಿ? ಇಲ್ಲಿ ಗೀರು ನೋಡ್ರಿ, ಗರಗಸದ ಹಲ್ಲು ಇದ್ದಂಗ ಅದಾವ. ಮಂದಿಗೆ ಕಾಣೋ ಕಡಿ ಅಷ್ಟ ಉಜ್ಜೀರಿ."

ಶಾಫ್ಟ್ ದಪ್ಪದಿಂದ ಸಣ್ಣಗಾಗುವ ಆ ಮೂಲೆಯಲ್ಲೇ ಬೇರಿಂಗ್ ಕೂರುವುದು. ಮುಚ್ಚಿಹೋಗುವ ಜಾಗ ಎಂದು ಅವಸರದಲ್ಲಿ ಕೊರೆದು ಚೂಪಾಗಿಯೇ ಬಿಟ್ಟಿದ್ದೆ. ತಿರುಗುವಾಗ ಭಾರವೆಲ್ಲ ಬೀಳುವುದು ಅಲ್ಲೇ, ಬಿರುಕು ಹುಟ್ಟುವುದೂ ಆ ಗೀರಿನಲ್ಲೇ. ಇದನ್ನು ಊರಿಗೆಲ್ಲ ಪಾಠ ಹೇಳುವವನು ನಾನೇ! ನಿಜಕ್ಕೂ ನಾಚಿಕೆಯಾಯಿತು.

ಅಂದೇ ಇನ್ನೊಂದು ಶಾಫ್ಟ್ ಮಾಡಿದೆ. ಮೂಲೆಯನ್ನು ದುಂಡಗೆ ತಿರುವಿ, ನಿಧಾನವಾಗಿ ಸ್ವಲ್ಪಸ್ವಲ್ಪವೇ ಕೊರೆದು, ಉಗುರಿಗೂ ಗೀರು ಸಿಗದಂತೆ ಉಜ್ಜಿದೆ. ಕಾಣುವ ನಡುಭಾಗವನ್ನು ಉಜ್ಜಲು ಗಿರಿಜ ಬಿಡಲಿಲ್ಲ, ಮಂಕಾಗಿಯೇ ಜೋಡಿಸಿಕೊಂಡಳು. ಮೂರು ತಿಂಗಳಾಯಿತು, ಗಿರಣಿ ಒಮ್ಮೆಯೂ ಕೆಟ್ಟಿಲ್ಲ. ನೀಲಮ್ಮನೂ ಮರಳಿದಳು.

"ಇದನ್ನ ಹರಪನಹಳ್ಳ್ಯಾಗ ಮಾಡ್ಸಿದೇನವ್ವಾ? ಹೊಳಪಿಲ್ಲ, ಆದ್ರ ಗಟ್ಟಿ ಐತಿ" ಎಂದಳು.

"ಇಲ್ಲೇ ಒಬ್ರು ಅದಾರ" ಎಂದಳು ಗಿರಿಜ. "ಬೈಸಿಕೊಂಡ್ರ ಭಾಳ ಚಲೋ ಮಾಡ್ತಾರ."

ಗೋಡೆಯಾಚೆ ಕೇಳಿಸಿಕೊಳ್ಳುತ್ತಿದ್ದ ನನಗೆ ಪ್ರಶಸ್ತಿ ಸಿಕ್ಕಷ್ಟು ಖುಷಿ. ಹೊಳಪಿನ ಹುಚ್ಚು ಬಿಟ್ಟೇಬಿಟ್ಟೆ ಎಂದುಕೊಂಡೆ. ಮಧ್ಯಾಹ್ನ ಗಿರಣಿ ನಿಲ್ಲಿಸಿ ಅವಳು ಊಟಕ್ಕೆ ಹೋದಾಗ ಮೆಲ್ಲಗೆ ಒಳಗೆ ಹೋಗಿ, ಶಾಫ್ಟಿನ ನಡುವೆ ಒಂದಿಷ್ಟು ಜಾಗ ಉಜ್ಜಿ ಬಂದೆ. ಜಾಸ್ತಿಯೇನಿಲ್ಲ, ನನ್ನ ಮೀಸೆ ಕಾಣುವಷ್ಟು.